ಸೊಟ್ಟ ಪಾವಲಿಯ ಬೆಳ್ಳಿ ಅಂಚು

"ಕೈ ತೆಗೀರಿ!"

ಸರಸ ಕಿರುಚಿದ ಜೋರಿಗೆ ಬಾವಿಕಟ್ಟೆಯ ಮೇಲಿದ್ದ ಕಾಗೆ ಹಾರಿಹೋಯಿತು. ಎದುರಿಗೆ ಕುಕ್ಕರಗಾಲಲ್ಲಿ ಕೂತಿದ್ದ ಗಂಡಸು ಮಾತ್ರ ಕೈ ತೆಗೆಯಲಿಲ್ಲ.

ಯಾರಿವನು? ಬಿಳಿ ಪಂಚೆ, ತೋಳು ಮಡಚಿದ ಅಂಗಿ, ಬಗಲಲ್ಲಿ ಬಟ್ಟೆಚೀಲ. ಹೇಳದೆ ಕೇಳದೆ ಬೊಳ್ಳಾಜೆಗುತ್ತಿನ ಅಂಗಳಕ್ಕೆ ಬಂದು, ಅವಳು ತಿಕ್ಕುತ್ತಿದ್ದ, ಹಳೇ ನಾಣ್ಯ ಪೋಣಿಸಿದ ಬೆಳ್ಳಿಸರದ ಇನ್ನೊಂದು ತುದಿಯನ್ನೇ ಹಿಡಿದುಕೊಂಡಿದ್ದಾನೆ! ಹಾಡುಹಗಲಿನ ಕಳ್ಳನಾ?

"ಹುಳಿ ಹಾಕಿ ತಿಕ್ತಾ ಇದ್ದೀರಲ್ಲ ಮಾರಾಯ್ರೆ!" ಅವನ ಸ್ವರದಲ್ಲಿ ಅವಳಿಗಿಂತ ಹೆಚ್ಚು ಸಿಟ್ಟಿತ್ತು. "ನೂರಾರು ವರ್ಷ ಉಳಿದ ಗುರುತು ಇದು. ನೀವು ಒಂದು ಹಿಡಿ ಹುಣಸೆಹುಳಿಯಲ್ಲಿ ಅಳಿಸಿ ಹಾಕ್ತೀರಲ್ಲ!"

"ನಮ್ಮ ಸರ, ನಮ್ಮ ಹುಳಿ. ನಿಮಗೆಂತ ಬೇಕು?"

ಆಗ ಅವನಿಗೆ ತಾನು ಎಲ್ಲಿ ಕೂತಿದ್ದೇನೆ ಅನ್ನುವುದು ತಲೆಗೆ ಹೋಯಿತು. ಗಡಬಡಿಸಿ ಎದ್ದು ಪಂಚೆ ಕೊಡವಿಕೊಂಡ. ಕಿವಿ ಕೆಂಪಾಗಿತ್ತು.

"ನಾನು... ಅಳದಂಗಡಿ ಶಾಲೆಗೆ ಹೊಸದಾಗಿ ಬಂದ ಮಾಸ್ಟ್ರು. ರಮಾನಾಥ ಅಂತ. ನಿಮ್ಮ ಗದ್ದೆಯಲ್ಲಿ ಅಕ್ಷರ ಕೊರೆದ ಕಲ್ಲು ಉಂಟಂತೆ. ನೋಡ್ಲಿಕ್ಕೆ ಯಜಮಾನರ ಅಪ್ಪಣೆ ಕೇಳುವ ಅಂತ ಬಂದೆ."

"ಕಲ್ಲು ನೋಡ್ಲಿಕ್ಕೆ ಬಂದವರು ಕಲ್ಲು ನೋಡಿ. ಹೆಂಗಸರ ಸರಕ್ಕೆ ಯಾಕೆ ಕೈ ಹಾಕ್ತೀರಿ?"

ಒಳಗಿನಿಂದ ಅಜ್ಜಿ ದೇಯಕ್ಕೆ ಬಂದಳು. ಕಣ್ಣು ಮಂದ, ಕಿವಿ ಚುರುಕು. "ಇರಲಿ ಮಗಾ, ಬೈಬೇಡ. ಎಂತ ಹೇಳ್ತಾರೆ ಅಂತ ಕೇಳುವ" ಅಂದಳು.

ಸಾವಿರದ ಒಂಬೈನೂರ ಐವತ್ತೊಂದರ ಮಾತು ಇದು. ಆಗಿನ್ನೂ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಬೊಳ್ಳಾಜೆಗುತ್ತು ಅಳಿಯಕಟ್ಟಿನ ಮನೆ. ಆಸ್ತಿ ಹರಿಯುವುದು ತಾಯಿಯಿಂದ ಮಗಳಿಗೆ, ಯಜಮಾನಿಕೆ ಮಾತ್ರ ಸೋದರಮಾವನದ್ದು. ಸರಸನ ತಾಯಿ ಅವಳನ್ನೂ ತಂಗಿ ಕಾಂತಿಯನ್ನೂ ಬಿಟ್ಟು ತೀರಿಹೋಗಿದ್ದಳು. ಮಾವ ಧರ್ಣಪ್ಪ ಶೆಟ್ಟರ ಮಾತೇ ಮನೆಯಲ್ಲಿ ಕೊನೆಯ ಮಾತು. ಆ ಮಾತಿಗೂ ಮೇಲೆ ಒಂದೇ ಒಂದು ಇತ್ತು, ಅದು ಆ ಬೆಳ್ಳಿಸರ.

ರಮಾನಾಥ ಚೀಲದಿಂದ ಭೂತಗನ್ನಡಿ ತೆಗೆದ. ಜಗಲಿಯಲ್ಲಿ ಬಿಳಿ ಬಟ್ಟೆ ಹಾಸಿ ಸರ ಇಟ್ಟರು. ಒಂದೊಂದೇ ನಾಣ್ಯ ತಿರುಗಿಸುತ್ತಾ ಹೇಳತೊಡಗಿದ.

"ಇದು ಸೂರತ್ತಿನ ಟಂಕಸಾಲೆಯದ್ದು, ಅಕ್ಷರ ಪಾರ್ಸಿ. ಇದು ಅರಬರದ್ದಿರಬೇಕು. ಕುದುರೆ ಇಳಿಸಿ ಮೆಣಸು ತುಂಬಿಕೊಂಡು ಹೋಗ್ತಿದ್ದರಲ್ಲ, ಅವರ ಕೈಯಿಂದ ಬಂದದ್ದು. ಇದು..." ಅವನ ಕೈ ನಿಂತಿತು. "ಇದು ಎಲ್ಲಿ ಸಿಕ್ಕಿತು ನಿಮಗೆ?"

ಸರಸನಿಗೆ ನಗು ಬಂತು. ಇಡೀ ಸರದಲ್ಲಿ ಅತೀ ಕುರೂಪದ ನಾಣ್ಯ ಅದು. ಉರುಟೂ ಅಲ್ಲ, ಚೌಕವೂ ಅಲ್ಲ, ಒಂದು ಮೂಲೆ ಬಗ್ಗಿದೆ. ನಾಲ್ಕಾಣೆಯ ಪಾವಲಿಯಷ್ಟೇ ಗಾತ್ರ, ಹಾಗಾಗಿ ಮನೆಯಲ್ಲಿ ಅದಕ್ಕೆ ಸೊಟ್ಟ ಪಾವಲಿ ಅಂತಲೇ ಹೆಸರು.

"ಸೊಟ್ಟ ಅಲ್ಲ, ಇದೇ ಎಲ್ಲದಕ್ಕೂ ಹಿರಿಯ! ಎರಡು ಸಾವಿರ ವರ್ಷದ್ದು, ನಾಣ್ಯಕ್ಕೆ ಅಕ್ಷರ ಬರುವ ಮೊದಲೇ ಹೊಡೆದದ್ದು, ಬರೀ ಗುರುತು ಉಂಟು. ಬನ್ನಿ, ನೋಡಿ ಇಲ್ಲಿ... ಸೂರ್ಯ. ಇದು ಗುಡ್ಡ."

ಅವಳು ಬಾಗಿ ನೋಡಿದಳು. ಗಾಜಿನಡಿಯಲ್ಲಿ ಪುಟ್ಟ ಸೂರ್ಯ, ಸುತ್ತ ಕಿರಣ! ಹುಟ್ಟಿದಾಗಿನಿಂದ ನೋಡಿದ ನಾಣ್ಯ, ಇಷ್ಟು ವರ್ಷ ಕಾಣಲೇ ಇಲ್ಲವಲ್ಲ! ತಲೆ ಎತ್ತಿದರೆ ಅವನ ಮುಖ ತೀರಾ ಹತ್ತಿರ. ಅವನು ನಾಣ್ಯವನ್ನು ಬಿಟ್ಟು ಅವಳನ್ನು ನೋಡುತ್ತಿದ್ದ.

ಕಲ್ಲು ನೋಡಲು ಬಂದವನಿಗೆ ಆ ದಿನ ಕಲ್ಲು ನೋಡಲಿಕ್ಕೆ ನೆನಪೇ ಆಗಲಿಲ್ಲ.

ಸರದ ಕಥೆ ಹೇಳಿದ್ದು ಅಜ್ಜಿ. ಟಿಪ್ಪುವಿನ ಕಾಲದಲ್ಲಿ ದಂಡು ಈ ಕಡೆ ಬರುತ್ತದೆ ಅನ್ನುವ ಸುದ್ದಿ ಹಬ್ಬಿತಂತೆ. ಊರವರೆಲ್ಲ ಚಿನ್ನ ಹೂತಿಟ್ಟು ಗುಡ್ಡ ಹತ್ತಿದರು. ಈ ಮನೆಯ ಹಿರಿಯಳು ದುಗ್ಗಕ್ಕೆ ಸರಕ್ಕೆ ದೀಪದ ಮಸಿ ಬಳಿದು ಕೊರಳಲ್ಲೇ ಹಾಕಿಕೊಂಡಳು. ಕರಿ ಕಬ್ಬಿಣದ ಸರ ಅಂತ ಯಾರೂ ಮುಟ್ಟಲಿಲ್ಲ. ಅದೇ ಗಲಾಟೆಯಲ್ಲಿ ಅವಳ ತಂಗಿಯ ಮದುವೆ ಅವಸರದಲ್ಲಿ ಬರೀ ಕೊರಳಲ್ಲೇ ಆಗಿಹೋಯಿತು. ಕೊರಳಲ್ಲಿ ಒಡವೆ ಇಲ್ಲದ್ದಕ್ಕೆ, ಓಡಿಬಂದವಳು ಅಂತ ಗಂಡನ ಕಡೆಯವರು ಅವಳನ್ನು ಸಾಯುವವರೆಗೆ ಆಡಿಕೊಂಡರು. ಆ ನೋವಿಗೆ ದುಗ್ಗಕ್ಕೆ ದೈವದ ಎದುರು ನಿಂತು ಕಟ್ಟು ಮಾಡಿದಳು. ಬೊಳ್ಳಾಜೆಯ ಹೆಣ್ಣು ಧಾರೆಗೆ ಕೂರಬೇಕಾದರೆ ಈ ಸರ ಕೊರಳಲ್ಲಿ ಇರಬೇಕು. ಒಂದು ನಾಣ್ಯ ಕಡಿಮೆ ಇದ್ದರೂ ಮದುವೆ ಇಲ್ಲ.

"ಈ ಕಟ್ಟನ್ನು ಯಾರೂ ತಪ್ಪಿಸಲಿಲ್ವಾ ಅಜ್ಜಿ?" ಅಂತ ರಮಾನಾಥ ಕೇಳಿದ.

"ನಾನು ಬದುಕಿರುವಾಗ ಯಾರು ತಪ್ಪಿಸ್ತಾರೆ!" ಅಂದಳು ಅಜ್ಜಿ.

ಈ ಮಾತು ಸರಸನ ತಲೆಯಲ್ಲಿ ಗಟ್ಟಿಯಾಗಿ ಕೂತಿತು. ಕೂರಬಾರದಿತ್ತು ಅಂತ ನನಗೆ ಈಗಲೂ ಅನಿಸುತ್ತದೆ. ಆದರೆ ಪ್ರೀತಿ ಹತ್ತಿದ ಹುಡುಗಿಗೆ ಬುದ್ಧಿ ಹೇಳುವವರು ಯಾರು?

ಹೌದು, ಪ್ರೀತಿ ಹತ್ತಿತ್ತು. ಅಕ್ಷರ ಬರೆದುಕೊಳ್ಳುವ ನೆಪದಲ್ಲಿ ಅವನು ಗದ್ದೆಯ ಕಲ್ಲಿನ ಹತ್ತಿರ ಬರುತ್ತಿದ್ದ. ದನಕ್ಕೆ ಹುಲ್ಲು ತರುವ ನೆಪದಲ್ಲಿ ಇವಳು ಹೋಗುತ್ತಿದ್ದಳು. ಸವೆದ ಕಲ್ಲಿನಲ್ಲಿ ನಾಲ್ಕು ಸಾಲು ಓದಲಿಕ್ಕೆ ಒಬ್ಬ ಮಾಸ್ಟ್ರಿಗೆ ಒಂದು ವರ್ಷ ಬೇಕಾ ಅಂತ ಯಾರೂ ಕೇಳಲಿಲ್ಲ, ಅದೇ ಪುಣ್ಯ.

ಪುಣ್ಯ ಹೆಚ್ಚು ದಿನ ಇರಲಿಲ್ಲ. ಮುಂಬಯಿಯಲ್ಲಿ ಹೋಟೆಲ್ ಇದ್ದ ಸುಧಾಕರನ ಸಂಬಂಧ ಬಂತು. ಮಾವ ಒಪ್ಪಿಯೂ ಆಯಿತು.

ಸರಸ ಕಲ್ಲಿನ ಹತ್ತಿರ ಓಡಿದಳು. "ನಿಮ್ಮ ಮನೆಯಿಂದ ಯಾರಾದರೂ ಬಂದು ಕೇಳ್ಲಿ. ಬೇಗ!"

"ಕೇಳಬೇಕಾದವರು ನನ್ನ ಸೋದರಮಾವ. ಅವರು ಮುಂಬಯಿಯಲ್ಲಿದ್ದಾರೆ. ನಾನು ಬರೀ ಕೈಯಲ್ಲಿ ಬಂದು ಕೇಳಿದರೆ ನಿನ್ನ ಮಾವ ಮೆಟ್ಟಿಲು ಹತ್ತಿಸ್ತಾರಾ? ಹಡಗಿನಲ್ಲಿ ಹೋಗಿ ಅವರನ್ನು ಕರಕೊಂಡೇ ಬರ್ತೇನೆ ಸರಸ. ಅಷ್ಟರೊಳಗೆ..."

"ಅಷ್ಟರೊಳಗೆ ನನ್ನ ಧಾರೆ ಆಗುವುದಿಲ್ಲ." ಅವಳು ಸೆರಗಿನ ಗಂಟು ಬಿಚ್ಚಿದಳು. ಅಂಗೈಯಲ್ಲಿ ಸೊಟ್ಟ ಪಾವಲಿ ಇತ್ತು. "ಇದು ನಿಮ್ಮ ಹತ್ತಿರ ಇರುವವರೆಗೆ ಯಾರ ಅಪ್ಪನಿಗೂ ನನ್ನ ಮದುವೆ ಮಾಡ್ಲಿಕ್ಕೆ ಆಗುವುದಿಲ್ಲ!"

ರಮಾನಾಥನ ಕಣ್ಣು ತುಂಬಿತು. ಮರುಗಳಿಗೆ ಅವನ ಮುಖ ಪೆಚ್ಚಾಯಿತು. "ಅಯ್ಯೋ, ತೂತು ಹರಿದಿದೆಯಲ್ಲ! ಹೇಗೆ ತೆಗೆದೆ ಇದನ್ನು?"

"ಹಲ್ಲಿನಲ್ಲಿ ಕಚ್ಚಿ ಎಳೆದೆ."

"ಎರಡು ಸಾವಿರ ವರ್ಷದ..."

"ನಿಮಗೆ ಇದು ಮುಖ್ಯವಾ, ನಾನು ಮುಖ್ಯವಾ?"

"ಎರಡೂ ಅಂದರೆ ಬೈತೀಯಾ?"

ಬೈದಳು. ಆಮೇಲೆ ಅತ್ತಳು. ಅವನು ಅವಳ ಕಣ್ಣೊರೆಸಿ, "ಕೊಂಡಿ ಸರಿ ಮಾಡಿಸಿ ನಾನೇ ತರ್ತೇನೆ. ನಿನ್ನ ಕೊರಳಿಗೆ ಬರುವಾಗ ಇದು ಹೀಗೆ ಹರಿದುಕೊಂಡು ಬರಬಾರದು" ಅಂದ.

ಈ ಮಾತನ್ನು ಅವಳು ಅಳುವಿನಲ್ಲಿ ಸರಿಯಾಗಿ ಕೇಳಿಸಿಕೊಂಡಿದ್ದರೆ ಸಾಕಿತ್ತು...

ಮುಂದೆ ನಡೆದದ್ದನ್ನು ಹೇಳಲಿಕ್ಕೆ ನನಗೆ ಹೊಟ್ಟೆ ಉರಿಯುತ್ತದೆ. ಹಡಗು ಹತ್ತುವ ಮೊದಲು ರಮಾನಾಥ ಬಂಟ್ವಾಳ ಪೇಟೆಯ ಸೋಮಯ್ಯ ಆಚಾರಿಯ ಅಂಗಡಿಗೆ ಹೋದ. ಬೆಳ್ತಂಗಡಿಯ ಕಡೆ ಕೊಟ್ಟರೆ ಗುರುತು ಸಿಕ್ಕೀತು, ಬಂಟ್ವಾಳ ದೂರ ಅಂತ ಅವನ ಲೆಕ್ಕ. ನಾಣ್ಯದ ಜೊತೆ ಇನ್ನೂ ಒಂದು ವಸ್ತು ಕೊಟ್ಟ. ಅದು ಅವನು ಮಗುವಾಗಿದ್ದಾಗ ಸೊಂಟಕ್ಕೆ ಕಟ್ಟಿದ್ದ ಬೆಳ್ಳಿಯ ಉಡಿದಾರ, ತೀರಿಹೋದ ತಾಯಿ ಎತ್ತಿಟ್ಟದ್ದು.

"ಇದನ್ನು ಕರಗಿಸಿ ನಾಣ್ಯದ ಸುತ್ತ ಅಂಚು ಕಟ್ಟಿ. ನಾಣ್ಯಕ್ಕೆ ಬೆಂಕಿ ತಾಗಬಾರದು, ಹೊಸ ತೂತು ಕೊರೆಯಬಾರದು. ಅಂಚಿಗೆ ಮಲ್ಲಿಗೆ ಮೊಗ್ಗಿನಷ್ಟು ಸಣ್ಣ ಸಣ್ಣ ಗುಂಡು ಬರಲಿ."

ಹಬ್ಬದ ಗಡಿಬಿಡಿಯಲ್ಲಿದ್ದ ಆಚಾರಿ ಕಾಗದದ ಪೊಟ್ಟಣ ಬಿಚ್ಚಿ ನೋಡದೆ ಪೆಟ್ಟಿಗೆಗೆ ಹಾಕಿದ. ಕೆಲಸಕ್ಕೆ ಕೂತ ದಿನ ಬಿಚ್ಚಿದವನು ಹೌಹಾರಿದ. ಬೊಳ್ಳಾಜೆಗುತ್ತಿನ ಸೊಟ್ಟ ಪಾವಲಿ! ಆ ಹಳೇ ತೂತು ಅವನ ಹಿರಿಯರೇ ಕೊರೆದದ್ದು. ಆ ಮನೆಗೆ ಕೆಲಸ ಮಾಡುತ್ತಾ ಬಂದದ್ದು ಅವನದೇ ಮನೆತನ.

ಆಗಿನ ಆಚಾರಿಗಳದ್ದು ಒಂದು ರಿವಾಜು. ಯಾವ ಮನೆಯ ಒಡವೆ ಯಾವುದು ಅಂತ ಅವರಿಗೆ ಬಾಯಿಪಾಠ. ದೊಡ್ಡ ಮನೆಯ ಬೆಳ್ಳಿ ಪರರ ಕೈಯಲ್ಲಿ ಕಂಡರೆ ಆ ಮನೆಯ ಮಾನ ಹೋದಂತೆ. ಸದ್ದಿಲ್ಲದೆ ತಂದು ಯಜಮಾನನ ಕೈಗೇ ಒಪ್ಪಿಸಬೇಕು. ಕೈಗೆ ಬಂದ ಕೆಲಸವನ್ನು ಅರ್ಧಕ್ಕೆ ಬಿಡುವ ಪೈಕಿಯೂ ಅಲ್ಲ ಅವನು. ಅಂಚು ಕಟ್ಟಿ, ಕೊಂಡಿ ಕೂರಿಸಿ, ಒಪ್ಪ ಮಾಡಿದ. ಆಮೇಲೆ ಬಸ್ಸು ಹತ್ತಿ ಬೊಳ್ಳಾಜೆಗೆ ಬಂದ.

ಅತ್ತ ಮನೆಯಲ್ಲಿ ಆಗಲೇ ರಣರಂಗ. ಮದುವೆಗೆ ಸರ ತೆಗೆದರೆ ಒಂದು ನಾಣ್ಯ ಇಲ್ಲ! ಪೆಟ್ಟಿಗೆ, ಕಪಾಟು, ಭತ್ತದ ಕಣಜ ಎಲ್ಲ ಶೋಧಿಸಿದರು. ಬೇರೆ ನಾಣ್ಯ ಪೋಣಿಸುವ ಅಂತ ಮಾವ ಅಂದದ್ದಕ್ಕೆ ಅಜ್ಜಿ ನೆಲಕ್ಕೆ ಕೈ ಬಡಿದು ತಡೆದಳು. ಸರಸ ತುಟಿ ಬಿಚ್ಚಲಿಲ್ಲ. ಒಳಗೊಳಗೆ ಹಬ್ಬ. 'ಬರ್ತಾರೆ. ಹಡಗು ಇಳಿದು, ತಮ್ಮ ಮಾವನನ್ನು ಕರಕೊಂಡು, ಸೊಟ್ಟ ಪಾವಲಿ ಹಿಡ್ಕೊಂಡು ಬಂದೇ ಬರ್ತಾರೆ!'

ಬಂದದ್ದು ಆಚಾರಿ. ಧರ್ಣಪ್ಪ ಶೆಟ್ಟರು ಅವನ ಮಾತು ಪೂರ್ತಿ ಕೇಳಿದರು. ಯಾರೋ ಮಾಸ್ಟ್ರಂತೆ, ಉಡಿದಾರ ಕರಗಿಸಿ ಅಂಚು ಕಟ್ಟಿಸಿದನಂತೆ. ಎಲ್ಲ ಅರ್ಥವಾಯಿತು. ಒಳಗೆ ಬಂದು ಸೊಸೆಯ ಎದುರು ನಿಂತು ಅವರು ಹೇಳಿದ್ದು ಒಂದೇ ಮಾತು.

"ನಿನ್ನ ಪಾವಲಿ ಹಿಂದೆ ಬಂತು."

ಸುಳ್ಳಲ್ಲ ನೋಡಿ. ಒಂದಕ್ಷರ ಸುಳ್ಳಿಲ್ಲ! ಸುಳ್ಳು ಹೇಳಿದ್ದರೆ ಎಂದಾದರೂ ಸಿಕ್ಕಿಬೀಳುತ್ತಿದ್ದರು. ನಿಜದ ಅರ್ಧ ಹೇಳಿದವರನ್ನು ಹಿಡಿಯುವುದು ಹೇಗೆ?

'ಹಿಂದೆ ಕಳಿಸಿದರಾ? ನಾನು ಬೇಡವಾದೆನಾ?' ಮಾವ ಚಾಚಿದ ಕೈಯ ಕಡೆ ಸರಸ ತಿರುಗಿಯೂ ನೋಡಲಿಲ್ಲ. ಅಜ್ಜಿ ತಡಕಾಡುತ್ತಾ ನಾಣ್ಯ ತೆಗೆದುಕೊಂಡು ಸರಕ್ಕೆ ಪೋಣಿಸಿದಳು.

ಧಾರೆಯ ದಿನ ಬಂತು. ಸರಸ ಚಪ್ಪರದಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ಕೊರಳಲ್ಲಿ ಪೂರ್ತಿಯಾದ ಬೆಳ್ಳಿಸರ. ಒಮ್ಮೆ ತಲೆ ಎತ್ತಿದವಳಿಗೆ ಚಪ್ಪರದ ಅಂಚಿನಲ್ಲಿ ರಮಾನಾಥ ಕಂಡ! ಪಕ್ಕದಲ್ಲಿ ಶಾಲು ಹೊದ್ದ ಒಬ್ಬ ಮುದುಕ, ಕೈಯಲ್ಲಿ ಏನೋ ಗಂಟು.

ಆ ಬೆಳಿಗ್ಗೆಯಷ್ಟೇ ಬಂಟ್ವಾಳದಲ್ಲಿ ಇಳಿದು ಅವನು ಆಚಾರಿಯನ್ನು ಕೇಳಿದ್ದ. "ಅದರ ಮನೆಗೆ ಕೊಟ್ಟೆ. ಮನೆಯ ಬೆಳ್ಳಿ ಮನೆಗೆ ಅಲ್ವಾ ಮಾಸ್ಟ್ರೇ? ಅವರು ತಕ್ಕೊಂಡ್ರು. ಇವತ್ತು ಅಲ್ಲಿ ಮದುವೆ" ಅಂದಿದ್ದ ಆಚಾರಿ. ನಂಬದೆ ಓಡಿ ಬಂದಿದ್ದ. ಈಗ ಕಣ್ಣಾರೆ ಕಂಡ. ತನ್ನ ಉಡಿದಾರದ ಬೆಳ್ಳಿ, ತಾನು ಹೇಳಿ ಮಾಡಿಸಿದ ಮೊಗ್ಗು, ಅವಳ ಎದೆಯ ಮೇಲೆ... ಇನ್ನೊಬ್ಬನ ಧಾರೆಗೆ!

'ಅದನ್ನೇ ಹಾಕಿಕೊಂಡು ನಿಂತಿದ್ದಾಳಲ್ಲ!' ಅಂದುಕೊಂಡ ಅವನು.

'ಬೇಡ ಅಂತ ಹಿಂದೆ ಕಳಿಸಿ, ಮದುವೆ ಊಟಕ್ಕೆ ಬಂದಿದ್ದಾರಲ್ಲ!' ಅಂದುಕೊಂಡಳು ಅವಳು.

ಒಬ್ಬರಾದರೂ ಬಾಯಿ ಬಿಟ್ಟು ಒಂದು ಮಾತು ಕೇಳಬಾರದಾ? ಇಲ್ಲ. ಇಬ್ಬರಿಗೂ ಅಷ್ಟುದ್ದ ಅಭಿಮಾನ. ಓಲಗ ಜೋರಾಯಿತು. ಧಾರೆಯ ನೀರು ಬಿದ್ದಿತು. ಸರಸ ಮತ್ತೊಮ್ಮೆ ನೋಡುವಾಗ ಅಲ್ಲಿ ಯಾರೂ ಇರಲಿಲ್ಲ.

ಮುಂಬಯಿಯ ಬದುಕಿನ ಬಗ್ಗೆ ಹೆಚ್ಚು ಹೇಳಲಿಕ್ಕೆ ಏನೂ ಇಲ್ಲ. ಸುಧಾಕರನಿಗೆ ಅಲ್ಲಿ ಮೊದಲೇ ಒಂದು ಸಂಸಾರ ಇತ್ತು. ಸರಸ ಊರವರಿಗೆ ತೋರಿಸಲಿಕ್ಕೆ ಬೇಕಾದವಳು ಮಾತ್ರ. ಕೆಲವು ವರ್ಷ ಸಹಿಸಿದಳು. ಹುಟ್ಟಿದ ಒಂದು ಮಗು ಹೆಸರಿಡುವ ಮೊದಲೇ ಹೋಯಿತು. ಆಮೇಲೆ ಟ್ರಂಕು ಎತ್ತಿಕೊಂಡು ತಾಯಿಮನೆಗೆ ಬಂದಳು. ನಾಲ್ಕು ಜನರ ಎದುರು ಸಂಬಂಧ ಬಿಡಿಸಿಕೊಂಡದ್ದೂ ಆಯಿತು. ಅಳಿಯಕಟ್ಟಿನಲ್ಲಿ ಬಿಟ್ಟು ಬಂದವಳಿಗೆ ಮನೆ ಉಂಟು, ಅನ್ನ ಉಂಟು. ಅವಳ ಮುಖದಲ್ಲಿ ನಗು ಮಾತ್ರ ಇರಲಿಲ್ಲ. ಸರವನ್ನು ಪೆಟ್ಟಿಗೆಯಲ್ಲಿ ಹಾಕಿಟ್ಟವಳು ಮತ್ತೆ ಅದರ ಮುಖ ನೋಡಲಿಲ್ಲ. ತಂಗಿ ಕಾಂತಿಯ ಮದುವೆಗೆ ಕೂಡ ಸರ ತೆಗೆದು ತೊಡಿಸಿದ್ದು ಬೇರೆಯವರು.

ಅಜ್ಜಿ ಹೋದಳು. ಮಾವನೂ ಹೋದರು, ಆ ಮಾತಿನ ಉಳಿದರ್ಧವನ್ನು ಜೊತೆಗೇ ಕಟ್ಟಿಕೊಂಡು. ಅರವತ್ತಾರರಲ್ಲಿ ಮನೆ ಪಾಲಾಯಿತು. ಗದ್ದೆ, ಗುಡ್ಡ, ಪಾತ್ರೆ ಎಲ್ಲ ಹಂಚಿ, ಕೊನೆಗೆ ಬೆಳ್ಳಿಸರ ಚಾಪೆಯ ಮೇಲೆ ಬಂತು.

"ಇದನ್ನೂ ತುಂಡು ಮಾಡುವುದಾ?" ಅಂತ ಸರಸ ಕೇಳಿದಳು.

"ಮತ್ತೆಂತ ಮಾಡುವುದು ಅಕ್ಕ? ಈಗಿನ ಹುಡುಗಿಯರು ಚಿನ್ನ ಅಲ್ಲದೆ ಬೆಳ್ಳಿ ಹಾಕ್ತಾರಾ?" ಅಂದ ದೊಡ್ಡಮ್ಮನ ಮಗ ಶೇಖರ, ಕತ್ತರಿ ಹಿಡಿದು.

ದುಗ್ಗಕ್ಕೆಯ ಸರ ಕತ್ತರಿಯ ಒಂದೇ ಏಟಿಗೆ ಚೆಲ್ಲಾಪಿಲ್ಲಿ ಆಯಿತು. ಎಲ್ಲರೂ ಉರುಟು ನೋಡಿ, ಚಂದ ನೋಡಿ ಆರಿಸಿಕೊಂಡರು. ಸೊಟ್ಟ ಪಾವಲಿ ಯಾರಿಗೂ ಬೇಡ. ಅದನ್ನು ಸರಸನ ಕಡೆ ತಳ್ಳಿದರು. ಯಾರಿಗೂ ಬೇಡವಾದದ್ದು ಬರುವುದು ತನಗೇ ತಾನೆ ಅಂತ ಅವಳು ಕಹಿಯಾಗಿ ನಕ್ಕು ಅಂಗೈಗೆ ತೆಗೆದುಕೊಂಡಳು.

ಆಗ ನೋಡಿದಳು.

ನಾಣ್ಯದ ಸುತ್ತ ಬೆಳ್ಳಿಯ ಅಂಚು. ಅಂಚಿನ ತುಂಬ ಸಾಸಿವೆಗಿಂತ ಸ್ವಲ್ಪ ದೊಡ್ಡ ಗುಂಡುಗಳು, ಒಂದರ ಪಕ್ಕ ಒಂದು, ಪುಟ್ಟ ಮಲ್ಲಿಗೆ ಮೊಗ್ಗು. ತಾನು ಕಚ್ಚಿ ಎಳೆದ ತೂತು ಅಂಚಿನೊಳಗೆ ಮುಚ್ಚಿಹೋಗಿದೆ. ಸೂರ್ಯ ಇದ್ದಲ್ಲೇ ಇದ್ದಾನೆ, ಒಂದು ಕಿರಣವೂ ಸವೆದಿಲ್ಲ.

"ಕಾಂತಿ... ಇದಕ್ಕೆ ಈ ಅಂಚು ಯಾವಾಗ ಕಟ್ಟಿಸಿದ್ದು?"

"ನಿನ್ನ ಮದುವೆಯ ಹೊತ್ತಿನಲ್ಲಿ ಆಚಾರಿ ತಂದು ಕೊಡುವಾಗಲೇ ಇತ್ತಲ್ಲ. ನಾನೇ ಅವತ್ತು ಅವನಿಗೆ ಬೆಲ್ಲ ನೀರು ಕೊಟ್ಟದ್ದು."

"ಆಚಾರಿಯಾ? ಯಾವ ಆಚಾರಿ?"

"ಬಂಟ್ವಾಳದ ಸೋಮಯ್ಯ ಆಚಾರಿ. ಯಾರೋ ಮಾಸ್ಟ್ರು ಅಂಚು ಕಟ್ಟಿಸ್ಲಿಕ್ಕೆ ಕೊಟ್ಟು ಹೋಗಿದ್ದರಂತೆ. ನಮ್ಮ ಹಿರಿಯರು ಕೊರೆದ ತೂತು, ಗುರುತು ಸಿಕ್ಕಿತು, ಅವರಿಗೆ ಹೇಳದೆ ತಂದೆ, ಮನೆಯ ಬೆಳ್ಳಿ ಮನೆಗೆ ಅಂತ ಮಾವನತ್ರ ಹೇಳ್ತಿದ್ದ. ಅದಕ್ಕೆ ಈಗ ಎಂತಾಯ್ತು? ಅಕ್ಕ... ಅಕ್ಕಾ, ಯಾಕೆ ಹೀಗೆ ನೋಡ್ತೀ?"

ಸರಸನಿಗೆ ಕಾಂತಿಯ ಮಾತು ಮುಂದೆ ಕೇಳಲಿಲ್ಲ. ಬೇಡ ಅಂತ ಹಿಂದೆ ಕೊಡುವವನು ಬೆಳ್ಳಿಯ ಮೊಗ್ಗು ಕಟ್ಟಿಸುತ್ತಾನಾ? ಧಾರೆಯ ದಿನ ಇಡೀ ಇದು ತನ್ನ ಎದೆಯ ಮೇಲೆಯೇ ಇತ್ತು. ಒಂದು ಸಲ, ಒಂದೇ ಒಂದು ಸಲ ಕಣ್ಣು ಕೆಳಗೆ ಹಾಯಿಸಿದ್ದರೆ! ಎದೆ ಬಡಿದುಕೊಂಡು ಅಳುವಷ್ಟು ಸಿಟ್ಟು ಬಂತು. ಮಾವನ ಮೇಲೆ, ಆಚಾರಿಯ ಮೇಲೆ. ಎಲ್ಲದಕ್ಕಿಂತ ಹೆಚ್ಚು ತನ್ನ ಮೇಲೆ.

ಮರುದಿನ ಬೆಳಿಗ್ಗೆ ಅವಳು ಮೂಡಬಿದಿರೆಗೆ ಹೋಗುವ ಬಸ್ಸು ಹತ್ತಿದಳು. ರಮಾನಾಥ ಮಾಸ್ಟ್ರು ಅಲ್ಲಿ ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸುತ್ತಾರೆ, ಮದುವೆ ಆಗಿಲ್ಲ, ಬಸದಿಯ ಬೀದಿಯಲ್ಲಿ ಬಾಡಿಗೆ ಮನೆ ಅಂತ ಯಾರ ಬಾಯಲ್ಲೋ ಯಾವತ್ತೋ ಕೇಳಿದ್ದಳು. ಕೇಳಲೇ ಇಲ್ಲ ಅನ್ನುವ ಹಾಗೆ ಇಷ್ಟು ವರ್ಷ ಇದ್ದಳು.

ದಾರಿಯುದ್ದಕ್ಕೂ ಒಂದೇ ಭಯ. ನಂಬದಿದ್ದರೆ?

ಅವನು ಜಗಲಿಯಲ್ಲಿ ಮೇಜು ಹಾಕಿಕೊಂಡು ಉತ್ತರ ಪತ್ರಿಕೆ ತಿದ್ದುತ್ತಿದ್ದ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದೆ. ದಪ್ಪ ಕನ್ನಡಕ ಬಂದಿದೆ. ತಲೆ ಎತ್ತಿ ನೋಡಿ, ಗುರುತು ಹಿಡಿದು, ಬೆವರು ಒರೆಸಿಕೊಂಡು, ಗುರುತಿಲ್ಲದವರ ಹಾಗೆ ತೀರಾ ಮೆಲ್ಲಗೆ ಕೇಳಿದ.

"ಯಾರನ್ನು ಶಾಲೆಗೆ ಸೇರಿಸ್ಲಿಕ್ಕೆ ಬಂದದ್ದು?"

"ಸೇರಿಸ್ಲಿಕ್ಕೆ ಮಕ್ಕಳಿಲ್ಲ ನನಗೆ." ಅವಳು ನಾಣ್ಯವನ್ನು ಪತ್ರಿಕೆಗಳ ಮೇಲೆ ಇಟ್ಟಳು. "ಇದರ ಗುರುತು ಉಂಟಾ ನಿಮಗೆ?"

ಅವನು ಮುಟ್ಟಲಿಲ್ಲ. "ಉಂಟು. ನಾನು ಮುಂಬಯಿಗೆ ಹೋದ ಹೊತ್ತು ನೋಡಿ ನೀನು ಹಿಂದೆ ತರಿಸಿಕೊಂಡದ್ದು."

"ನಾನು ತರಿಸಿಕೊಂಡೆನಾ!"

"ಅಲ್ಲದೆ? ಅದು ಬೊಳ್ಳಾಜೆಯದ್ದು ಅಂತ ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ನೀನು ಹೇಳದೆ ಆಚಾರಿ ನಿಮ್ಮ ಮನೆಗೆ ಹೇಗೆ ತರ್ತಾನೆ?"

"ಅವನ ಹಿರಿಯರು ಕೊರೆದ ತೂತನ್ನು ಅವನು ಗುರುತು ಹಿಡಿದ! ನಿಮ್ಮನ್ನೂ ಕೇಳಲಿಲ್ಲ, ನನ್ನನ್ನೂ ಕೇಳಲಿಲ್ಲ. ನಮ್ಮ ಮನೆಯ ಬೆಳ್ಳಿ ಕೆಲಸ ಇಡೀ ಮಾಡಿದವರು ಅವರೇ. ಹೋಗಿ ಹೋಗಿ ಅವನ ಕೈಗೇ ಕೊಟ್ಟಿರಲ್ಲ ನೀವು! ಹಿಂದೆ ಬಂತು ಅಂತ ಮಾವ ಅಂದ್ರು. ನೀವೇ ಕಳಿಸಿದ್ದು ಅಂತ ತಿಳಿದೆ. ಈ ಅಂಚನ್ನು ನಾನು ಕಂಡದ್ದು ನಿನ್ನೆ. ನಿನ್ನೆ!"

ಅವನ ಕೈಯ ಕೆಂಪು ಪೆನ್ನು ಕೆಳಗೆ ಬಿತ್ತು.

"ಧಾರೆಯ ದಿನ ನೀವು ಬಂದಿರಿ..." ಅಂದಳು ಸರಸ. "ಊಟಕ್ಕೆ ಬಂದದ್ದು ಅಂತ ತಿಳಿದು ಶಾಪ ಹಾಕಿದೆ. ಜೊತೆಯಲ್ಲಿ ಒಬ್ಬರು ಮುದುಕರಿದ್ರು."

"ಅವರೇ ನನ್ನ ಸೋದರಮಾವ. ಕೈಯಲ್ಲಿದ್ದದ್ದು ವೀಳ್ಯ, ಅಡಕೆ. ನಿನ್ನನ್ನು ಕೇಳ್ಲಿಕ್ಕೆ ತಂದದ್ದು."

ಸರಸ ಬಾಯಿಗೆ ಸೆರಗು ಒತ್ತಿಕೊಂಡು ಕುಸಿದು ಕೂತಳು. ಅಳು ನಿಂತ ಮೇಲೆ ಬಂದದ್ದು ಸಿಟ್ಟು.

"ಸವೆದುಹೋದ ಕಲ್ಲನ್ನೆಲ್ಲ ಓದ್ತೀರಿ. ನನ್ನ ಮುಖ ಓದ್ಲಿಕ್ಕೆ ಆಗಲಿಲ್ವಾ ಅವತ್ತು? ಸರಸ, ಇದೆಂತ ಮಾಡಿದೆ ಅಂತ ಕೂಗಿ ಕೇಳಿದ್ದರೆ ಚಪ್ಪರ ಬಿಟ್ಟು ಬರ್ತಿದ್ದೆ ನಾನು!"

"ನೀನು ಕೇಳಿದ್ಯಾ?" ಅವನೂ ಬಿಡಲಿಲ್ಲ. "ಇವಳು ಬೇಡ ಅಂದಳು, ಬೇಡ ಅಂದಳು ಅಂತ ಹಲ್ಲು ಕಚ್ಚಿಕೊಂಡೇ ಬದುಕಿದೆ. ಈ ಬೀದಿಯ ಮಕ್ಕಳಿಗೆಲ್ಲ ನಾನು ಸಿಡುಕು ಮಾಸ್ಟ್ರು. ನಗುವ ಪ್ರಾಯ ಎಲ್ಲ ಹೋಯಿತು ಸರಸ."

"ನನಗೊಂದು ಮಗುವೂ ಹೋಯಿತು."

ಅವನು ಎದ್ದು ಒಳಗೆ ಹೋಗಿ ಒಂದು ಲೋಟ ನೀರು ತಂದು ಅವಳ ಮುಂದೆ ಇಟ್ಟ. ಆಮೇಲೆ ಮೊದಲ ಸಲ ನಾಣ್ಯವನ್ನು ಕೈಗೆ ತೆಗೆದುಕೊಂಡು, ಅಂಚಿನ ಮೊಗ್ಗುಗಳ ಮೇಲೆ ಹೆಬ್ಬೆರಳು ಆಡಿಸಿದ.

"ನನ್ನ ಉಡಿದಾರದ ಬೆಳ್ಳಿ ಇದು. ಅಮ್ಮ ಎತ್ತಿಟ್ಟದ್ದು. ನಿನಗೆ ಹೇಳಬೇಕು ಅಂತ ಇದ್ದೆ."

ಅವಳು ಮುಖ ಒರೆಸಿಕೊಂಡು ಅದನ್ನೇ ನೋಡಿದಳು. "ಅಂಚನ್ನು ಬಿಡಿಸ್ಲಿಕ್ಕೆ ಆಗ್ತದಾ?"

"ಇಲ್ಲ. ಬಿಡಿಸಿದರೆ ನಾಣ್ಯ ಒಡೀತದೆ."

"ಹಾಗಾದರೆ ಆಚಾರಿಯ ನ್ಯಾಯ ನೀವೇ ಹೇಳಿ ಮಾಸ್ಟ್ರೇ. ನಾಣ್ಯ ನನ್ನ ಮನೆಯದ್ದು, ಅಂಚು ನಿಮ್ಮ ಮನೆಯದ್ದು. ಇದನ್ನು ಯಾವ ಮನೆಗೆ ಕೊಡುವುದು?"

ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ಇಲ್ಲೇ ಇರಲಿ" ಅಂದ. "ಆದರೆ ಹೋದ ವರ್ಷಗಳನ್ನು ನನ್ನಿಂದ ಹಿಂದೆ ಕೊಡ್ಲಿಕ್ಕೆ ಆಗುವುದಿಲ್ಲ. ಓಲಗ, ಚಪ್ಪರ, ಆ ಪೂರ್ತಿ ಸರ... ಯಾವುದೂ ಇಲ್ಲ ಇನ್ನು."

"ಸರ ಕತ್ತರಿಸಿ ಹಂಚಿ ಆಯಿತು. ದುಗ್ಗಕ್ಕೆಯ ಕಟ್ಟೂ ಅದರ ಜೊತೆ ಹೋಯಿತು. ನನ್ನ ಪಾಲಿಗೆ ಬಂದದ್ದು ಇದೊಂದೇ."

ಅವನು ಮೇಜಿನ ಮೇಲೆ ಹುಡುಕಿ, ಉತ್ತರ ಪತ್ರಿಕೆ ಕಟ್ಟುವ ಬಿಳಿ ದಾರ ಒಂದನ್ನು ಎಳೆದ. ಕೊಂಡಿಗೆ ದಾರ ಹಾಯಿಸಲು ಎರಡು ಸಲ ತಪ್ಪಿತು. ಅವಳು ಸಹಾಯ ಮಾಡಲಿಲ್ಲ, ಸುಮ್ಮನೆ ನೋಡುತ್ತಾ ಕೂತಳು. ಕೊನೆಗೆ ಹಾಯಿತು.

"ಈ ದಾರ ಗಟ್ಟಿ ಉಂಟಾ?" ಅಂತ ಕೇಳಿದಳು ಸರಸ.

"ಶಾಲೆಗೆ ಸರಕಾರ ಕೊಟ್ಟ ದಾರ. ಹೇಳ್ಲಿಕ್ಕೆ ಆಗುವುದಿಲ್ಲ."

ಅಷ್ಟು ವರ್ಷದ ಮೇಲೆ ಅವಳಿಗೆ ನಗು ಬಂತು, ಜೊತೆಗೇ ಕಣ್ಣೀರೂ ಬಂತು. ಬೆನ್ನು ತಿರುಗಿಸಿ, ತುರುಬು ಎತ್ತಿ ಹಿಡಿದು ಕೂತಳು.

"ಹಾಗಾದರೆ ಗಂಟು ನೀವೇ ಹಾಕಿ. ಈ ಸಲ ಆಚಾರಿಯ ಕೈಗೆ ಕೊಡಬೇಡಿ."